ಜ್ವರ ಇದ್ರೆ ಈ ವಾರ ಊರಿಗೆ ಬೇಡ

ಮಳೆ ಶುರುವಾಯ್ತು. ಆಫೀಸಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸೀನೋದೂ ಶುರುವಾಯ್ತು. 'ಏನಿಲ್ಲ, ವೆದರ್ ಚೇಂಜ್' ಅಂದ್ಕೊಂಡು ಕಾಫಿ ಕುಡಿದು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರ್ತೀವಿ. ಶುಕ್ರವಾರ ಸಂಜೆ ಬ್ಯಾಗ್ ಹಾಕ್ಕೊಂಡು ಮಂಡ್ಯದ ಕಡೆ ರೈಲು ಹತ್ತುತ್ತೀವಿ. ಈ ಸಲ ರೈಲು ಹತ್ತೋ ಮುಂಚೆ ಎರಡು ನಿಮಿಷ ಇದನ್ನ ಓದಿ.

2023ರ ಯುಗಾದಿ. ಎಚ್3ಎನ್2 ಫ್ಲೂನಿಂದ ಪಕ್ಕದ ಹಾಸನ ಜಿಲ್ಲೆಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಅದೇ ತಿಂಗಳು ಎಲ್ಲರ ಮೊಬೈಲಿಗೂ ಬಂದಿತ್ತು. ನಾನೂ ಓದಿ ಮರೆತಿದ್ದೆ. ಹಬ್ಬದ ಹಿಂದಿನ ದಿನ ಗಂಟಲು ಕೆರೆತ, ಮೈಕೈ ನೋವು. ಒಂದು ಪ್ಯಾರಾಸಿಟಮಾಲ್ ನುಂಗಿ ಮದ್ದೂರಿಗೆ ರೈಲು ಹತ್ತಿದೆ. ಅಲ್ಲಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿ ಬಸ್ಸು. ಅವ್ವನ ಕೈಯ ಮುದ್ದೆ, ಉಪ್ಪಸಾರು ಹೊಟ್ಟೆಗೆ ಬಿದ್ದರೆ ಎಲ್ಲ ಸರಿಹೋಗುತ್ತೆ ಅನ್ನೋ ಲೆಕ್ಕ.

ಬಾಗಿಲಲ್ಲೇ ಅಜ್ಜಿ ಕೆನ್ನೆ ಮುಟ್ಟಿ, 'ಮೈ ಸುಡ್ತಾದಲ್ಲಾ ಮಗಾ' ಅಂದ್ಲು. ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ಲು. ನಾನು ಕುಡಿದ ಚೊಂಬಿನಲ್ಲೇ ಅವಳೂ ನೀರು ಕುಡಿದ್ಲು. ಹಬ್ಬದ ದಿನ ಬೇವು ಬೆಲ್ಲ ಕೊಟ್ಟಿದ್ದೂ ನನ್ನ ಕೈಯಿಂದಲೇ.

ನಾನು ಹುಷಾರಾಗಿ ಬೆಂಗಳೂರಿಗೆ ಬಂದೆ. ಮಾರನೇ ದಿನ ಅವ್ವನ ಫೋನು: 'ಅಜ್ಜಿ ಎದ್ದೇಳ್ತಿಲ್ಲ ಕಣ್ಲಾ, ಉಸಿರು ಎಳ್ಕೊಳ್ತಾವ್ಳೆ.' ಮಂಡ್ಯದಲ್ಲಿ ಆಸ್ಪತ್ರೆಗೆ ಸೇರಿಸಿದ್ವಿ. ಫ್ಲೂ ನ್ಯುಮೋನಿಯಾಕ್ಕೆ ತಿರುಗಿತ್ತು. ಒಂಬತ್ತು ದಿನ ಆಕ್ಸಿಜನ್. ಅಜ್ಜಿ ಉಳಿದಳು. ಆದ್ರೆ ದಿನಾ ಗದ್ದೆ ಬದುವಿನವರೆಗೆ ನಡೆಯುತ್ತಿದ್ದವಳು ಈಗ ಜಗಲಿಯವರೆಗೆ ಬಂದರೆ ಹೆಚ್ಚು. ಊರಲ್ಲಿ ಬೇರೆ ಯಾರಿಂದಲೋ ಅವಳಿಗೆ ಬಂದಿರಬಹುದು ಅಂತ ಎಲ್ಲರೂ ಸಮಾಧಾನ ಹೇಳಿದ್ರು. ದಿನ ಎಣಿಸಿ ನೋಡಿದ್ರೆ ನನಗೆ ಸಮಾಧಾನ ಆಗ್ಲಿಲ್ಲ.

ಯಾಕಂದ್ರೆ ಫ್ಲೂ ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಿಸೋದಕ್ಕೆ 1ರಿಂದ 4 ದಿನ ಬೇಕು. ಲಕ್ಷಣ ಕಾಣಿಸೋ ಹಿಂದಿನ ದಿನದಿಂದಲೇ ನಾವು ಹರಡೋದಕ್ಕೆ ಶುರು ಮಾಡ್ತೀವಿ. ಆಮೇಲೆ 5ರಿಂದ 7 ದಿನ ಹರಡ್ತಾನೇ ಇರ್ತೀವಿ. ಮಕ್ಕಳು ಇನ್ನೂ ಹೆಚ್ಚು ದಿನ. ಪ್ಯಾರಾಸಿಟಮಾಲ್ ಮೈ ಬಿಸಿ ಇಳಿಸುತ್ತೆ ಅಷ್ಟೇ, ಹರಡೋದನ್ನ ತಡೆಯೋದಿಲ್ಲ.

1918ರ ಇನ್‌ಫ್ಲುಯೆಂಜಾ ಮುಂಬೈ ಬಂದರಿಗೆ ಹಡಗಿನಲ್ಲಿ ಬಂತು. ಅಲ್ಲಿಂದ ರೈಲು ಹಿಡಿದು ಊರೂರಿಗೆ ಹೋಯ್ತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು ಅಂತ ಅಂದಾಜು. ಇವತ್ತು ಔಷಧಿ, ಲಸಿಕೆ ಎಲ್ಲ ಇದೆ, ನಿಜ. ಆದ್ರೆ ಜ್ವರ ಊರು ಸೇರೋ ದಾರಿ ಬದಲಾಗಿಲ್ಲ. ಊರಿಗೆ ಹೋಗೋ ನಮ್ಮ ಜೊತೆಯಲ್ಲೇ ಹೋಗುತ್ತೆ.

ಹಾಗಾಗಿ ಮೊದಲ ಅಭ್ಯಾಸ ಇದು: ಜ್ವರ, ಕೆಮ್ಮು, ಮೈಕೈ ನೋವು ಇದ್ರೆ ಆ ವಾರ ಊರಿಗೆ ಹೋಗಬೇಡಿ. ಐದು ದಿನ ಕಳೀಲಿ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದೆ ಇರಲಿ. ಆಮೇಲೂ ಕೆಲವು ದಿನ ಬಸ್ಸು, ರೈಲಿನಲ್ಲಿ ಮಾಸ್ಕ್ ಇರಲಿ.

ಊರಲ್ಲಿದ್ದಾಗಲೇ ಜ್ವರ ಬಂತು ಅಂದ್ಕೊಳ್ಳಿ. ಆಗ ಇಷ್ಟು ಮಾಡಿ.

ಮಲಗೋ ಜಾಗ: ಬೇರೆ ಕೋಣೆ ಇದ್ರೆ ಒಳ್ಳೇದು. ಇಲ್ಲದಿದ್ರೆ ಕಿಟಕಿ ಹತ್ತಿರ, ಮಿಕ್ಕವರಿಂದ ಆರಡಿ ದೂರ ಹಾಸಿಗೆ ಹಾಕಿ. ಚಳಿ ಅಂತ ಕಿಟಕಿ, ಬಾಗಿಲು ಎಲ್ಲ ಮುಚ್ಚಬೇಡಿ, ಗಾಳಿ ಆಡ್ಲಿ.

ಚೊಂಬು, ಲೋಟ, ಟವೆಲ್: ಇವು ಮೂರೂ ಬೇರೆ. ಎಲ್ಲರೂ ಒಂದೇ ಟವೆಲ್‌ನಲ್ಲಿ ಮುಖ ಒರೆಸೋದು ನಮ್ಮ ಮನೆಗಳಲ್ಲಿ ಮಾಮೂಲಿ. ಪಾತ್ರೆ, ಬಟ್ಟೆ ಎಂದಿನ ಸೋಪಿನಲ್ಲಿ ತೊಳೆದರೆ ಸಾಕು.

ಕೈ: ಎಷ್ಟೋ ಮನೆಗಳಲ್ಲಿ ಸೋಪು ಇರೋದು ಬಚ್ಚಲಲ್ಲಿ ಮಾತ್ರ, ಊಟಕ್ಕೆ ಮುಂಚೆ ಬರೀ ನೀರು. ಊಟಕ್ಕೆ ಕೈ ತೊಳೆಯೋ ಜಾಗದಲ್ಲೂ ಒಂದು ಸೋಪು ಇಡಿ. ವೈರಸ್ಸಿನ ಮೇಲಿರೋ ಕೊಬ್ಬಿನ ಹೊದಿಕೆಯನ್ನ ಸೋಪು ಕರಗಿಸುತ್ತೆ. ಅದಕ್ಕೆ 20 ಸೆಕೆಂಡ್ ಉಜ್ಜಬೇಕು. ಫೋನು, ರಿಮೋಟು, ಸ್ವಿಚ್ಚಿನಂಥ ನಯವಾದ ಗಟ್ಟಿ ವಸ್ತುಗಳ ಮೇಲೆ ವೈರಸ್ ಒಂದೆರಡು ದಿನ ಉಳಿಯಬಹುದು. ಅವನ್ನೂ ಒರೆಸಿ.

ಕೆಮ್ಮು: ಅಂಗೈಗಲ್ಲ, ಮೊಣಕೈ ಮಡಿಸಿ ಅದಕ್ಕೆ. ಮಗುವಿನ ಮೂಗು ಒರೆಸಿದ ಸೆರಗಿನಲ್ಲೇ ತಮ್ಮ ಮುಖ ಒರೆಸಿಕೊಳ್ಳೋ ಅವ್ವಂದಿರಿಗೆ ಮೆಲ್ಲಗೆ ಹೇಳಿ.

ಆರೈಕೆ: ಮನೆಯಲ್ಲಿ ಒಬ್ಬರು ಮಾತ್ರ ನೋಡ್ಕೊಳ್ಳಲಿ, ಅವರು ಮಾಸ್ಕ್ ಹಾಕ್ಲಿ. ಆ ಒಬ್ಬರು ಅಜ್ಜಿಯಾಗಲೀ ಬಸುರಿಯಾಗಲೀ ಸಕ್ಕರೆ ಕಾಯಿಲೆಯವರಾಗಲೀ ಬೇಡ. ಮದ್ದೂರಿನಲ್ಲಿರೋ ನಮ್ಮ ಅಕ್ಕ ಮಕ್ಕಳಿಗೆ ಜ್ವರ ಬಂದಾಗಲೆಲ್ಲ 'ಅಜ್ಜಿ ನೋಡ್ಕೋತಾಳೆ' ಅಂತ ಊರಿಗೆ ಬಿಡ್ತಿದ್ಲು. ಈಗ ತಾನೇ ರಜೆ ಹಾಕ್ತಾಳೆ.

ಔಷಧಿ: ಕಷಾಯ ಗಂಟಲಿಗೆ ಹಿತ, ಕುಡೀರಿ. ಆದ್ರೆ ಅದು ವೈರಸ್ ಕೊಲ್ಲೋದಿಲ್ಲ. ಹೋದ ಸಲ ಉಳಿದ ಆ್ಯಂಟಿಬಯಾಟಿಕ್ ನುಂಗಬೇಡಿ, ವೈರಸ್ಸಿಗೆ ಅದು ತಟ್ಟೋದಿಲ್ಲ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಫ್ಲೂಗೆ ಅಂತಲೇ ಡಾಕ್ಟರು ಬರೆದುಕೊಡೋ ಔಷಧಿ ಮೊದಲ 48 ಗಂಟೆಯೊಳಗೆ ಶುರುವಾದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಅದಕ್ಕೇ ವಯಸ್ಸಾದವರು, ಪುಟ್ಟ ಮಕ್ಕಳು, ಬಸುರಿಯರು, ಆಸ್ತಮಾ, ಸಕ್ಕರೆ, ಹೃದಯದ ತೊಂದರೆ ಇರೋರ ವಿಷಯದಲ್ಲಿ 'ನಾಳೆ ನೋಡೋಣ' ಬೇಡ.

ಉಸಿರಾಟಕ್ಕೆ ಕಷ್ಟ, ಎದೆ ನೋವು, ತುಟಿ ನೀಲಿಯಾಗೋದು, ಮಾತು ತಡಬಡಾಯಿಸೋದು, ಇಳಿದ ಜ್ವರ ಮತ್ತೆ ಏರೋದು: ಇದರಲ್ಲಿ ಒಂದು ಕಂಡ್ರೂ ತಕ್ಷಣ ಆಸ್ಪತ್ರೆಗೆ.

ಲಸಿಕೆ ವರ್ಷಕ್ಕೊಮ್ಮೆ. ವೈರಸ್ ಬದಲಾಗ್ತಾ ಇರೋದರಿಂದ ಹೋದ ವರ್ಷದ್ದು ಸಾಲದು. ಕೆಲಸ ಮಾಡೋಕೆ ಎರಡು ವಾರ ಬೇಕು. ನಮ್ಮಲ್ಲಿ ಫ್ಲೂ ಏರೋದು ಮಳೆಗಾಲದಲ್ಲಿ ಮತ್ತು ಜನವರಿಯಿಂದ ಮಾರ್ಚ್‌ವರೆಗೆ. ಮನೆ ಹಿರಿಯರಿಗೆ ಹಾಕಿಸೋ ಬಗ್ಗೆ ಡಾಕ್ಟರನ್ನ ಈಗಲೇ ಕೇಳಿ.

ಇಷ್ಟರಲ್ಲೆಲ್ಲ ಕಷ್ಟದ ಕೆಲಸ ಅಂದ್ರೆ 'ಅವ್ವಾ, ಈ ವಾರ ಬರಲ್ಲ' ಅನ್ನೋದು. ಕಳೆದ ತಿಂಗಳು ಜ್ವರ ಬಂದಾಗ ನಾನು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಅಜ್ಜಿ ಫೋನು ಇಸ್ಕೊಂಡು, 'ವಾಸಿ ಮಾಡ್ಕೊಂಡು ಬಾ ಮಗಾ, ನಾನೆಲ್ಲಿಗೋಯ್ತಿನಿ?' ಅಂದ್ಲು.

ಮುಂದಿನ ವಾರ ಹೋದೆ. ಜಗಲಿ ಮೇಲೆ ಕಾಯ್ತಾ ಕೂತಿದ್ಲು.