ಎಕ್ಸಿಟ್ ಬೋರ್ಡ್ ಇದೆ, ಆದ್ರೆ ಯಾರಿಗೆ?

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಟೆಕ್ ಪಾರ್ಕಿನಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದೆ. ಒಂದಿನ ಫೈರ್ ಡ್ರಿಲ್. ಸೈರನ್ ಹೊಡ್ಕೊಂಡ ತಕ್ಷಣ ಎಲ್ಲರೂ ಫೋನ್ ಹಿಡ್ಕೊಂಡು ಮೆಟ್ಟಿಲಿನ ಕಡೆ ಹೊರಟ್ವಿ. ನಮ್ಮ ಟೀಮಿನಲ್ಲಿ ವೀಲ್‌ಚೇರ್ ಬಳಸುವ ಹಿರಿಯರೊಬ್ಬರಿದ್ದರು. ಸೆಕ್ಯುರಿಟಿಯವರು ಅವರಿಗೆ, "ನೀವು ಇಲ್ಲೇ ಇರಿ ಸರ್, ಇದು ಬರೀ ಡ್ರಿಲ್" ಅಂದ್ರು. ಅವರು ನಕ್ಕು, "ನಿಜವಾಗಿ ಬೆಂಕಿ ಬಿದ್ದಾಗ ಎಲ್ಲಿಗೆ ಹೋಗ್ಬೇಕು, ಅದನ್ನೂ ಇವತ್ತೇ ಹೇಳ್ಬಿಡಿ" ಅಂದ್ರು. ಯಾರ ಹತ್ರಾನೂ ಉತ್ತರ ಇರಲಿಲ್ಲ. ಅವರ ತಲೆಯ ಮೇಲೆ ಓಡುವ ಮನುಷ್ಯನ ಹಸಿರು ಬೋರ್ಡ್ ಮಾತ್ರ ಚೆನ್ನಾಗಿ ಉರೀತಿತ್ತು.

ಆ ಬೋರ್ಡ್ ಹಾಕಿದವರು ಎರಡು ವಿಷಯ ಅಂದ್ಕೊಂಡಿದ್ದಾರೆ: ಎಲ್ಲರಿಗೂ ಕಣ್ಣು ಕಾಣುತ್ತೆ, ಎಲ್ಲರೂ ಮೆಟ್ಟಿಲು ಇಳೀತಾರೆ.

"ಅಂಥವರು ಎಷ್ಟು ಜನ ಇರ್ತಾರೆ ಬಿಡಿ" ಅನ್ನೋರೂ ಇದ್ದಾರೆ. ಅವರು ಸ್ವಲ್ಪ ಥರ್ಮೋಡೈನಮಿಕ್ಸ್ ನೆನಪು ಮಾಡ್ಕೊಳ್ಳಲಿ. ಬಿಸಿ ಹೊಗೆ ಮೊದಲು ಏರುವುದು ಚಾವಣಿಗೆ. ನಾವು ಬೋರ್ಡ್ ನೇತುಹಾಕುವುದೂ ಅಲ್ಲೇ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ಹೊಗೆ ತುಂಬಿದ ಮೇಲೆ ಎಲ್ಲರಿಗೂ ಕೈಯೇ ಕಣ್ಣು.

ಪರಿಹಾರ ರಾಕೆಟ್ ಸೈನ್ಸ್ ಏನಲ್ಲ. ಅಮೆರಿಕದ 2010ರ ಎಡಿಎ ಮಾನದಂಡದ ಪ್ರಕಾರ ಎಕ್ಸಿಟ್ ಮೆಟ್ಟಿಲಿನ ಬಾಗಿಲ ಪಕ್ಕ ಉಬ್ಬಕ್ಷರ ಮತ್ತು ಬ್ರೈಲ್ ಇರುವ ಫಲಕ ಇರಬೇಕು. ಅಕ್ಷರಗಳು ನೆಲದಿಂದ 48ರಿಂದ 60 ಇಂಚು ಎತ್ತರದಲ್ಲಿ, ಬಾಗಿಲಿನ ಹಿಡಿಕೆಯ ಬದಿಯಲ್ಲಿ ಇರಬೇಕು. ಜಾಗ ಯಾವಾಗಲೂ ಒಂದೇ ಆಗಿದ್ದರೆ ಕೈ ತಡಕಾಡಬೇಕಿಲ್ಲ. ಮೆಟ್ಟಿಲು ಇಳಿಯಲಾಗದವರಿಗೆ? ನಮ್ಮದೇ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016, 24 ಮೀಟರ್‌ಗಿಂತ ಎತ್ತರದ ಕಟ್ಟಡಗಳಲ್ಲಿ ರೆಫ್ಯೂಜ್ ಏರಿಯಾ, ಅಂದರೆ ರಕ್ಷಣೆ ಬರುವವರೆಗೆ ಕಾಯುವ ಸುರಕ್ಷಿತ ಜಾಗ, ಇರಬೇಕು ಅನ್ನುತ್ತೆ. ಆದ್ರೆ ಆ ಜಾಗದ ಕಡೆ ಕೈ ತೋರಿಸುವ ಬೋರ್ಡೇ ಇಲ್ಲದಿದ್ದರೆ ಅದು ಡ್ರಾಯಿಂಗ್ ಶೀಟಿನಲ್ಲಿ ಮಾತ್ರ ಇದ್ದಂತೆ.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ "ಸಾರ್ವಜನಿಕ ಕಟ್ಟಡ" ಅನ್ನುವ ಪದದೊಳಗೆ ಖಾಸಗಿ ಆಫೀಸೂ ಬರುತ್ತೆ, ನಮ್ಮ ಕಾಲೇಜೂ ಬರುತ್ತೆ. ಇಂಥ ಸೌಲಭ್ಯಗಳ ನಿಯಮ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಹಾಗಾದ್ರೆ ನಾವೇನು ಮಾಡೋದು? ಈ ವಾರ ಒಬ್ಬ ಗೆಳೆಯನನ್ನ ಜೊತೆಗಿಟ್ಟುಕೊಂಡು, ಕಣ್ಣು ಮುಚ್ಚಿ, ಲ್ಯಾಬಿನಿಂದ ಎಕ್ಸಿಟ್ ಮೆಟ್ಟಿಲಿನ ಬಾಗಿಲವರೆಗೆ ನಡೆದು ನೋಡಿ. ಕೈಗೆ ಏನು ಸಿಕ್ತು, ಏನು ಸಿಗಲಿಲ್ಲ ಅಂತ ಬರೆದಿಟ್ಟು ಎಸ್ಟೇಟ್ ಆಫೀಸಿಗೆ ಕೊಡಿ. ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಿರೋರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ.

ನಾಲ್ಕೈದು ವರ್ಷದಲ್ಲಿ ಇಂಥ ಕಟ್ಟಡಗಳ ಡ್ರಾಯಿಂಗ್ ನಮ್ಮ ಟೇಬಲ್ಲಿಗೇ ಬರುತ್ತೆ. ಆ ಹಿರಿಯರ ಪ್ರಶ್ನೆಗೆ ಆಗಲಾದ್ರೂ ನಮ್ಮ ಹತ್ರ ಉತ್ತರ ಇರಬೇಕು.