ಲಿಂಕ್‌ನಲ್ಲಿ ಬ್ಯಾಂಕಿನ ಹೆಸರಿದ್ದರೆ ಅದು ಬ್ಯಾಂಕಿನದೇ? ಫೋನ್ ಹೆಸರನ್ನು ವಿಳಾಸವಾಗಿಸುವುದು ಹೀಗೆ

"ನಿಮ್ಮ ಕೆವೈಸಿ ಇಂದೇ ಮುಗಿಸಿ, ಇಲ್ಲದಿದ್ದರೆ ಖಾತೆ ಸ್ಥಗಿತಗೊಳ್ಳುತ್ತದೆ." ಇಂಥದೊಂದು ಸಾಲು, ಅದರ ಕೆಳಗೆ ಒಂದು ನೀಲಿ ಲಿಂಕ್. ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಇದು ಬಂದಾಗ ಯಾರಾದರೂ ಒಬ್ಬರು "ಇದು ನಿಜವಾ?" ಎಂದು ಕೇಳುತ್ತಾರೆ. ಇನ್ನೊಬ್ಬರು ಉತ್ತರಿಸುತ್ತಾರೆ: "ಲಿಂಕ್‌ನಲ್ಲೇ ಬ್ಯಾಂಕಿನ ಹೆಸರಿದೆಯಲ್ಲ, ತೆರೆದರೆ ಬೀಗದ ಗುರುತೂ ಇದೆ. ನಿಜವೇ ಇರಬೇಕು."

ಈ ಉತ್ತರದಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಇವುಗಳಿಂದ ಹಣ ಕಳೆದುಕೊಂಡವರಲ್ಲಿ ಓದುಬರಹ ಚೆನ್ನಾಗಿ ಬಲ್ಲವರೂ ಇದ್ದಾರೆ. "ಇದು ಸುಳ್ಳು" ಎಂದಷ್ಟೇ ಹೇಳಿ ನಾವು ಮುಗಿಸಬಹುದು. ಆದರೆ ಯಾಕೆ ಸುಳ್ಳು ಎಂದು ಗೊತ್ತಾದರೆ ಮುಂದಿನ ಲಿಂಕ್ ಬಂದಾಗ ನೀವೇ ನಿರ್ಧರಿಸಬಹುದು. ಅದಕ್ಕಾಗಿ ಲಿಂಕ್ ಒತ್ತಿದ ಮರುಕ್ಷಣ ಫೋನಿನೊಳಗೆ ಏನಾಗುತ್ತದೆ ಎಂದು ನೋಡೋಣ.

ಹೆಸರು ನಮಗೆ, ಸಂಖ್ಯೆ ಯಂತ್ರಕ್ಕೆ

ಇಂಟರ್‌ನೆಟ್‌ನಲ್ಲಿರುವ ಕಂಪ್ಯೂಟರ್‌ಗಳು ಒಂದನ್ನೊಂದು ಹೆಸರಿನಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುತ್ತವೆ. ಆ ಸಂಖ್ಯೆಗೆ ಐಪಿ ವಿಳಾಸ ಎನ್ನುತ್ತಾರೆ. ಹಳೆಯ ಬಗೆಯ ಐಪಿ ವಿಳಾಸದಲ್ಲಿ 32 ಬಿಟ್‌ಗಳಿವೆ. ಅಂದರೆ ಒಟ್ಟು ಸುಮಾರು 430 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಅದು ಸಾಲದೆ 128 ಬಿಟ್‌ಗಳ ಹೊಸ ಬಗೆ ಬಂತು. ಯಾವ ಬಗೆಯದಾದರೂ ಈ ಸಂಖ್ಯೆಗಳನ್ನು ನಾವು ನೆನಪಿಟ್ಟುಕೊಳ್ಳಲಾರೆವು. ಫೋನಿನಲ್ಲಿ "ಅಮ್ಮ" ಎಂದು ಹೆಸರು ಒತ್ತಿ ಕರೆ ಮಾಡುತ್ತೇವೆ, ನಂಬರ್ ನೆನಪಿಡುವುದಿಲ್ಲ. ಇದೂ ಹಾಗೆಯೇ.

1970ರ ದಶಕದಲ್ಲಿ, ಇಂಟರ್‌ನೆಟ್‌ನ ಹಿರಿಯಕ್ಕ ಎನ್ನಬಹುದಾದ ಅಮೆರಿಕದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದವರು ಅದರ ಪ್ರತಿಯನ್ನು ಇಳಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್‌ಗಳು ಹೆಚ್ಚಾದಂತೆ ಒಂದೇ ಪಟ್ಟಿಯನ್ನು ನಂಬಿ ಕೂರುವುದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಹಂಚಿಹೋದ ಪಟ್ಟಿಯ ವ್ಯವಸ್ಥೆಯೊಂದನ್ನು ರೂಪಿಸಿದರು. ಅದೇ ಇಂದಿನ ಡಿಎನ್‌ಎಸ್. ಇದರಲ್ಲಿ ಇಡೀ ಪಟ್ಟಿ ಯಾರೊಬ್ಬರ ಬಳಿಯೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಹೆಸರುಗಳಿಗಷ್ಟೇ ಉತ್ತರ ಕೊಡುತ್ತಾರೆ.

ಸಿ ಭಾಷೆಯ ಒಂದು ಪ್ರಶ್ನೆ

ಹಾಗಾದರೆ ಆ ಪಟ್ಟಿಯನ್ನು ಆ್ಯಪ್ ಕೇಳುವುದು ಹೇಗೆ? ಇಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ. 1983ರಲ್ಲೇ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಲ್ಲಿ ಗೆಟ್‌ಹೋಸ್ಟ್‌ಬೈನೇಮ್ ಎಂಬ ಫಂಕ್ಷನ್ ಇತ್ತು. ಹೆಸರು ಕೊಟ್ಟರೆ ವಿಳಾಸ ತಂದುಕೊಡುವುದೇ ಅದರ ಕೆಲಸ. ಅದು ಹಳೆಯ 32 ಬಿಟ್‌ಗಳ ಕಾಲದ್ದು. ಅದರ ಜಾಗಕ್ಕೆ 1990ರ ದಶಕದ ಕೊನೆಯಲ್ಲಿ ಗೆಟ್‌ಆ್ಯಡ್ರ್‌ಇನ್ಫೋ ಬಂತು. ಇದು ಎರಡೂ ಬಗೆಯ ವಿಳಾಸಗಳನ್ನು ತರಬಲ್ಲದು.

ನಿಮ್ಮ ಆ್ಯಪ್ ಸಿ ಭಾಷೆಯಲ್ಲಿ ಇಲ್ಲದಿರಬಹುದು. ಆದರೆ ಪೈಥಾನ್ ಪ್ರೋಗ್ರಾಂ ಆಗಲಿ, ಆಂಡ್ರಾಯ್ಡ್‌ನ ಜಾವಾ ಆ್ಯಪ್ ಆಗಲಿ, ಒಂದು ಹೆಸರಿನ ವಿಳಾಸ ಬೇಕೆಂದಾಗ ಸಾಮಾನ್ಯವಾಗಿ ಕೆಳಗಿನ ಪದರದಲ್ಲಿರುವ ಈ ಫಂಕ್ಷನ್‌ಗೇ ಬಂದು ತಲುಪುತ್ತದೆ.

ಪ್ರೋಗ್ರಾಂ ಈ ಫಂಕ್ಷನ್‌ಗೆ ಕೊಡುವುದು ನಾಲ್ಕು ಸಂಗತಿಗಳನ್ನು: ಯಾವ ಹೆಸರು, ಯಾವ ಸೇವೆ, ಎಂಥ ವಿಳಾಸ ಬೇಕು, ಮತ್ತು ಉತ್ತರವನ್ನು ಎಲ್ಲಿಡಬೇಕು. ಫಂಕ್ಷನ್ ಹುಡುಕಿ ಬಂದು ಸೊನ್ನೆ ಕೊಟ್ಟರೆ ವಿಳಾಸ ಸಿಕ್ಕಿದೆ ಎಂದರ್ಥ. ಒಂದೇ ಹೆಸರಿಗೆ ಹಲವು ವಿಳಾಸಗಳಿದ್ದರೆ ಅವುಗಳ ಪಟ್ಟಿಯೇ ಬರುತ್ತದೆ. ಒಂದು ಕೆಲಸ ಮಾಡದಿದ್ದರೆ ಪ್ರೋಗ್ರಾಂ ಮುಂದಿನದನ್ನು ಪ್ರಯತ್ನಿಸುತ್ತದೆ. ಸೊನ್ನೆ ಬಾರದಿದ್ದರೆ ಏನೋ ತೊಂದರೆಯಾಗಿದೆ, ಬಂದ ಸಂಖ್ಯೆಯೇ ಕಾರಣ ಹೇಳುತ್ತದೆ. "ಈ ಹೆಸರು ಇಲ್ಲ" ಎನ್ನುವುದಕ್ಕೆ ಒಂದು ಸಂಖ್ಯೆ, "ಸದ್ಯಕ್ಕೆ ಉತ್ತರ ಸಿಗುತ್ತಿಲ್ಲ, ಮತ್ತೆ ಕೇಳು" ಎನ್ನುವುದಕ್ಕೆ ಇನ್ನೊಂದು.

ಗಮನಿಸಬೇಕಾದ ಮಾತು ಇಲ್ಲಿದೆ. ಆ ಸಂಖ್ಯೆಗಳ ಪಟ್ಟಿಯಲ್ಲಿ "ಈ ಹೆಸರು ಮೋಸಗಾರರದು" ಎನ್ನುವ ಸಂಖ್ಯೆ ಇಲ್ಲ. ಹೆಸರು ಯಾರದು, ಅವರು ಎಂಥವರು ಎಂಬ ಪ್ರಶ್ನೆಯನ್ನು ಫಂಕ್ಷನ್ ಕೇಳುವುದೇ ಇಲ್ಲ. ಕೊಟ್ಟ ಅಕ್ಷರಗಳನ್ನು ಹಾಗೆಯೇ ಹುಡುಕುತ್ತದೆ, ಸಿಕ್ಕ ಸಂಖ್ಯೆಯನ್ನು ತಂದಿಡುತ್ತದೆ. ಅಸಲಿ ಬ್ಯಾಂಕಿನ ಹೆಸರಿಗೂ ನಕಲಿ ಬ್ಯಾಂಕಿನ ಹೆಸರಿಗೂ ಉತ್ತರ ಒಂದೇ: ಸೊನ್ನೆ, ಅಂದರೆ "ಸಿಕ್ಕಿತು".

ಹುಡುಕಾಟ ಶುರುವಾಗುವುದು ಬಲದಿಂದ

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು ವಿಳಾಸವನ್ನು ಮೇಲಿನಿಂದ ಓದುವುದಿಲ್ಲ. ಮೊದಲು ಪಿನ್‌ಕೋಡ್, ಆಮೇಲೆ ಊರು, ಆಮೇಲೆ ಬೀದಿ, ಕೊನೆಗೆ ಮನೆಯವರ ಹೆಸರು. ಡಿಎನ್‌ಎಸ್ ಕೂಡ ಹಾಗೆಯೇ. ಲಿಂಕ್‌ನಲ್ಲಿರುವ ಹೆಸರನ್ನು ಅದು ಬಲದಿಂದ ಎಡಕ್ಕೆ ಬಿಡಿಸುತ್ತದೆ.

"ನಮ್ಮಬ್ಯಾಂಕ್" ಎಂಬ ಕಾಲ್ಪನಿಕ ಬ್ಯಾಂಕೊಂದಿದೆ ಎಂದುಕೊಳ್ಳಿ. ಅದರ ಜಾಲತಾಣದ ಹೆಸರು ನಮ್ಮಬ್ಯಾಂಕ್.ಬ್ಯಾಂಕ್.ಇನ್. ಇಲ್ಲಿ ಮೊದಲು "ಇನ್" ಪಟ್ಟಿ ನೋಡಿಕೊಳ್ಳುವವರನ್ನು ಕೇಳಬೇಕು. ಅವರು "ಬ್ಯಾಂಕ್.ಇನ್" ಎಲ್ಲಿದೆ ಎಂದು ಹೇಳುತ್ತಾರೆ. ಅಲ್ಲಿ ಕೇಳಿದರೆ "ನಮ್ಮಬ್ಯಾಂಕ್" ಎಲ್ಲಿದೆ ಎಂದು ತಿಳಿಯುತ್ತದೆ.

ಈಗ ಈ ಹೆಸರು ನೋಡಿ: ನಮ್ಮಬ್ಯಾಂಕ್.ಬ್ಯಾಂಕ್.ಇನ್.ಯಾರೋಒಬ್ಬ.ಕಾಮ್. ಎಡದಿಂದ ಓದುವ ನಮ್ಮ ಕಣ್ಣಿಗೆ ಬ್ಯಾಂಕಿನ ಹೆಸರೇ ಮೊದಲು ಕಾಣುತ್ತದೆ, ಅಲ್ಲಿಗೆ ಓದು ನಿಲ್ಲುತ್ತದೆ. ಫೋನಿನ ಚಿಕ್ಕ ಪರದೆಯಲ್ಲಿ ಉಳಿದದ್ದು ಕಾಣದೆಯೂ ಹೋಗಬಹುದು. ಆದರೆ ಬಲದಿಂದ ನೋಡಿದರೆ ಇದು "ಯಾರೋಒಬ್ಬ.ಕಾಮ್" ಎಂಬವರ ಜಾಗ. ಅದರ ಎಡಕ್ಕೆ ಏನು ಬೇಕಾದರೂ ಬರೆದುಕೊಳ್ಳುವ ಅಧಿಕಾರ ಅವರಿಗಿದೆ. ತಮ್ಮ ಮನೆಯ ಕೋಣೆಗೆ "ವಿಧಾನಸೌಧ" ಎಂದು ಫಲಕ ಹಾಕಿದರೆ ಯಾರು ಬೇಡವೆನ್ನುತ್ತಾರೆ?

ತಪ್ಪು ತಿಳಿವಳಿಕೆ 1: ಹೆಸರು ಸರಿಯಾಗಿ ಕಂಡರೆ ಸಾಕು

ಕನ್ನಡದ ಸೊನ್ನೆ ಅಂಕಿಯನ್ನೂ ಅನುಸ್ವಾರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಇಂಗ್ಲಿಷ್‌ನಲ್ಲೂ ಹಾಗೆಯೇ. ಸೊನ್ನೆ ಮತ್ತು ಓ ಅಕ್ಷರ, ಒಂದು ಎಂಬ ಅಂಕಿ ಮತ್ತು ಸಣ್ಣ ಎಲ್ ಅಕ್ಷರ, ಆರ್ ಮತ್ತು ಎನ್ ಅಂಟಿಕೊಂಡಾಗ ಎಂ ಅಕ್ಷರದಂತೆ ಕಾಣುವುದು: ಇವೆಲ್ಲ ಹಳೆಯ ತಂತ್ರಗಳು. ಕಣ್ಣು ತಪ್ಪನ್ನು ತಿದ್ದಿಕೊಂಡು ಓದುತ್ತದೆ, ಫಂಕ್ಷನ್ ತಿದ್ದುವುದಿಲ್ಲ. ಒಂದು ಅಕ್ಷರ ಬೇರೆಯಾದರೆ ಅದಕ್ಕೆ ಅದು ಬೇರೆಯೇ ಹೆಸರು, ಬೇರೆಯೇ ಮಾಲೀಕ.

ಚಿಕ್ಕದಾಗಿಸಿದ ಲಿಂಕ್‌ಗಳಲ್ಲಿ ಕೊನೆಯ ಹೆಸರು ಕಾಣುವುದೇ ಇಲ್ಲ. ಫೋನ್ ಮೊದಲು ಲಿಂಕ್ ಚಿಕ್ಕದು ಮಾಡುವ ಸೇವೆಯ ವಿಳಾಸ ಹುಡುಕುತ್ತದೆ. ಆ ಸೇವೆ ಇನ್ನೊಂದು ಹೆಸರಿಗೆ ಕಳಿಸುತ್ತದೆ, ಅದಕ್ಕಾಗಿ ಮತ್ತೊಂದು ಹುಡುಕಾಟ. ಹಾಗಾಗಿ ಒತ್ತುವ ಮೊದಲು ಓದಿದ ಹೆಸರಿಗಿಂತ, ಪುಟ ತೆರೆದ ಮೇಲೆ ವಿಳಾಸಪಟ್ಟಿಯಲ್ಲಿ ಕಾಣುವ ಹೆಸರೇ ಮುಖ್ಯ.

ತಪ್ಪು ತಿಳಿವಳಿಕೆ 2: ಬೀಗ ಇದ್ದರೆ ಜಾಲತಾಣ ಅಸಲಿ

ಬೀಗ ಹೇಳುವುದು ಎರಡೇ ಮಾತು. ನೀವು ತಲುಪಿರುವುದು ಮೇಲೆ ಬರೆದಿರುವ ಹೆಸರಿನವರನ್ನೇ. ನಡುವೆ ಯಾರೂ ನಿಮ್ಮ ಮಾತುಕತೆ ಓದಲಾರರು. ಆ ಹೆಸರಿನವರು ಒಳ್ಳೆಯವರು ಎಂದು ಅದು ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿದೆ. ಇದರಿಂದ ಸಣ್ಣ ಜಾಲತಾಣಗಳೂ ಸುರಕ್ಷಿತವಾದವು. "ಯಾರೋಒಬ್ಬ.ಕಾಮ್" ಕೂಡ ಬೀಗ ಪಡೆಯಬಲ್ಲದು. ಜನ ಈ ಗುರುತನ್ನು ತಪ್ಪಾಗಿ ಓದುತ್ತಿದ್ದಾರೆ ಎಂಬ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು.

ಹಾಗೆಂದು ಬೀಗ ವ್ಯರ್ಥವಲ್ಲ. ಯಾರಾದರೂ ನಿಮ್ಮ ಫೋನಿಗೆ ತಪ್ಪು ವಿಳಾಸ ಕೊಟ್ಟು ಬೇರೆಡೆಗೆ ಒಯ್ದರೆ, ಪ್ರಮಾಣಪತ್ರ ಹೊಂದದೆ ಬ್ರೌಸರ್ ದೊಡ್ಡ ಎಚ್ಚರಿಕೆ ತೋರಿಸುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬೇಡಿ.

ತಪ್ಪು ತಿಳಿವಳಿಕೆ 3: ಡಿಎನ್‌ಎಸ್ ಬದಲಿಸಿದರೆ ನೆಟ್ ಎರಡು ಪಟ್ಟು ವೇಗ

"ಸೆಟ್ಟಿಂಗ್ಸ್‌ನಲ್ಲಿ ಈ ಸಂಖ್ಯೆ ಹಾಕಿ, ಇಂಟರ್‌ನೆಟ್ ಓಡುತ್ತದೆ" ಎಂಬ ಸಂದೇಶವೂ ಗ್ರೂಪ್‌ಗಳಲ್ಲಿ ಸುತ್ತುತ್ತಿರುತ್ತದೆ. ಡಿಎನ್‌ಎಸ್ ಕೆಲಸ ವಿಳಾಸ ಹುಡುಕುವುದಷ್ಟೇ. ಅದು ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವ ಏರ್ಪಾಡೂ ಇದೆ. ನಿಮ್ಮ ಡಿಎನ್‌ಎಸ್ ತೀರಾ ನಿಧಾನವಾಗಿದ್ದರೆ ಪುಟ ತೆರೆಯಲು ಶುರುವಾಗುವುದು ಸ್ವಲ್ಪ ಬೇಗವಾಗಬಹುದು. ವಿಡಿಯೊ ಇಳಿಯುವ ವೇಗ ಬದಲಾಗದು.

ಅಪಾಯ ಬೇರೆಡೆ ಇದೆ. ಗೆಟ್‌ಆ್ಯಡ್ರ್‌ಇನ್ಫೋ ಯಾರನ್ನು ಕೇಳಬೇಕು ಎಂಬುದನ್ನು ತೀರ್ಮಾನಿಸುವುದು ಈ ಸೆಟ್ಟಿಂಗ್. ಅದನ್ನು ಗುರುತಿಲ್ಲದವರ ಕೈಗೆ ಕೊಟ್ಟರೆ ಊರಿನ ದಾರಿ ಕೇಳಲು ಕಳ್ಳನನ್ನೇ ನೇಮಿಸಿದಂತೆ.

ಇದು ನಿಜವಾಗಿ ನಡೆದಿದೆ. ಡಿಎನ್‌ಎಸ್‌ಚೇಂಜರ್ ಎಂಬ ದುರುದ್ದೇಶದ ತಂತ್ರಾಂಶ ಜನರ ಕಂಪ್ಯೂಟರ್‌ಗೆ ಹೊಕ್ಕು ಈ ಒಂದು ಸೆಟ್ಟಿಂಗ್ ಬದಲಿಸುತ್ತಿತ್ತು. ಪಾಸ್‌ವರ್ಡ್ ಬದಲಿಸದ ಮನೆಯ ರೌಟರ್‌ಗಳನ್ನೂ ಅದು ಬಿಡಲಿಲ್ಲ. ಆಮೇಲೆ ಜನ ಸರಿಯಾದ ಹೆಸರನ್ನೇ ಟೈಪ್ ಮಾಡಿದರೂ ಮೋಸಗಾರರ ಸರ್ವರ್ ಕೊಟ್ಟ ತಪ್ಪು ವಿಳಾಸಕ್ಕೆ ಹೋಗುತ್ತಿದ್ದರು. ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಈ ಜಾಲವನ್ನು ಬಯಲಿಗೆಳೆದಾಗ, 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರ್‌ಗಳು ಅದಕ್ಕೆ ತುತ್ತಾಗಿದ್ದವು. ಎಸ್ಟೋನಿಯಾದಲ್ಲಿ ಆರು ಮಂದಿಯ ಬಂಧನವಾಯಿತು.

ಮೋಸಗಾರರ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಆ ಎಲ್ಲ ಕಂಪ್ಯೂಟರ್‌ಗಳಿಗೂ ಯಾವ ಹೆಸರಿನ ವಿಳಾಸವೂ ಸಿಗುತ್ತಿರಲಿಲ್ಲ. ಆದ್ದರಿಂದ ನ್ಯಾಯಾಲಯದ ಅನುಮತಿ ಪಡೆದು ಅವುಗಳ ಜಾಗದಲ್ಲಿ ಸರಿಯಾದ ಉತ್ತರ ಕೊಡುವ ಸರ್ವರ್‌ಗಳನ್ನು ಕೆಲ ತಿಂಗಳು ನಡೆಸಲಾಯಿತು. 2012ರ ಜುಲೈ 9ರಂದು ಅವನ್ನು ನಿಲ್ಲಿಸುವ ದಿನ ಬಂದಾಗ "ಜುಲೈ 9ಕ್ಕೆ ಇಂಟರ್‌ನೆಟ್ ಬಂದ್" ಎಂಬ ಸುದ್ದಿ ಹಬ್ಬಿತು. ಇಂಟರ್‌ನೆಟ್ ಬಂದ್ ಆಗಲಿಲ್ಲ. ಸೆಟ್ಟಿಂಗ್ ಸರಿಪಡಿಸಿಕೊಳ್ಳದೆ ಉಳಿದವರಿಗಷ್ಟೇ ತೊಂದರೆಯಾಗುವ ಸಂಗತಿ ಅದು.

ತಪ್ಪು ತಿಳಿವಳಿಕೆ 4: ಸೈಟ್ ತೆರೆಯದಿದ್ದರೆ ಹ್ಯಾಕ್ ಆಗಿದೆ

2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ತಾಸು ನಿಂತುಹೋಗಿದ್ದು ನಿಮಗೆ ನೆನಪಿರಬಹುದು. ಹ್ಯಾಕ್ ಎಂಬ ಗುಲ್ಲೂ ಎದ್ದಿತ್ತು. ನಡೆದದ್ದು ಇಷ್ಟು: ಕಂಪನಿಯ ಒಳಗಿನ ನಿರ್ವಹಣೆಯ ವೇಳೆ ಆದ ತಪ್ಪಿನಿಂದ ಅದರ ಜಾಲ ಕಡಿದುಹೋಯಿತು. ಅದರ ಹೆಸರುಗಳಿಗೆ ಉತ್ತರ ಕೊಡುವ ಡಿಎನ್‌ಎಸ್ ಸರ್ವರ್‌ಗಳೂ ಹೊರಗಿನವರಿಗೆ ಸಿಗದಾದವು. ಜಗತ್ತಿನ ಫೋನ್‌ಗಳು ಹೆಸರು ಹಿಡಿದು ಕೇಳುತ್ತಿದ್ದವು, ಹೇಳುವವರು ಇರಲಿಲ್ಲ. "ವಿಳಾಸ ಸಿಗಲಿಲ್ಲ" ಎಂಬ ಸಂದೇಶ ಕಂಡರೆ ಅದು ಹ್ಯಾಕ್‌ಗೂ ಸರ್ಕಾರದ ನಿರ್ಬಂಧಕ್ಕೂ ಪುರಾವೆಯಲ್ಲ. ಬಹಳ ಸಲ ಹೆಸರಿನಲ್ಲಿ ಅಕ್ಷರ ತಪ್ಪಿರುತ್ತದೆ, ಇಲ್ಲವೇ ನೆಟ್‌ವರ್ಕ್ ಕೈಕೊಟ್ಟಿರುತ್ತದೆ.

ದೋಷ ಕೆಲವೊಮ್ಮೆ ಹುಡುಕುವ ಫಂಕ್ಷನ್‌ನಲ್ಲೇ ಇರುವುದುಂಟು. ಲಿನಕ್ಸ್ ಸರ್ವರ್‌ಗಳಲ್ಲಿ ಬಳಕೆಯಲ್ಲಿದ್ದ ಗೆಟ್‌ಹೋಸ್ಟ್‌ಬೈನೇಮ್‌ನಲ್ಲಿ 2000ದಿಂದ ಅಡಗಿದ್ದ ದೋಷವೊಂದು 2015ರಲ್ಲಿ "ಘೋಸ್ಟ್" ಎಂಬ ಹೆಸರಿನಿಂದ ಸುದ್ದಿಯಾಯಿತು. ವಿಶೇಷವಾಗಿ ಹೆಣೆದ ಹೆಸರನ್ನು ಕೊಟ್ಟು ಕಂಪ್ಯೂಟರ್‌ನ ಹಿಡಿತ ಪಡೆಯುವ ಸಾಧ್ಯತೆ ಅದರಲ್ಲಿತ್ತು. ಇಂಥ ದೋಷಗಳು ಸರಿಯಾಗುವುದು ಅಪ್‌ಡೇಟ್‌ಗಳಿಂದ. "ಅಪ್‌ಡೇಟ್ ಮಾಡಿದರೆ ಫೋನ್ ಹಾಳು" ಎಂಬ ಮಾತನ್ನು ನಂಬಬೇಡಿ.

ಹಾಗಾದರೆ ನಾವೇನು ಮಾಡಬೇಕು?

• ಲಿಂಕ್‌ನಲ್ಲಿ ಜೋಡಿ ಓರೆಗೆರೆಗಳ ನಂತರ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ. ಅಲ್ಲಿಂದ ಎಡಕ್ಕೆ ಓದಿ. ಆ ಗೆರೆಯ ಬಲಕ್ಕೆ ಬ್ಯಾಂಕಿನ ಹೆಸರಿದ್ದರೂ ಅದಕ್ಕೆ ಬೆಲೆಯಿಲ್ಲ.

• ಬ್ಯಾಂಕ್ ಆದರೆ ಕೊನೆಯಲ್ಲಿ "ಬ್ಯಾಂಕ್.ಇನ್" ಇದೆಯೇ ನೋಡಿ. ಭಾರತದ ಬ್ಯಾಂಕುಗಳಿಗಷ್ಟೇ ಸಿಗುವ ಈ ಹೆಸರನ್ನು ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಘೋಷಿಸಿತು. ಆ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಇದಕ್ಕೆ ಬದಲಾಗಬೇಕೆಂದು ಸೂಚಿಸಿತು. ಸರ್ಕಾರದ ಜಾಲತಾಣವಾದರೆ ಕೊನೆಯಲ್ಲಿ ಸಾಮಾನ್ಯವಾಗಿ "ಗವ್.ಇನ್" ಇರುತ್ತದೆ.

• ಕೊನೆ ಸರಿಯಿದ್ದರೂ ಸಂದೇಶದಲ್ಲಿ ಬಂದ ಲಿಂಕ್ ಒತ್ತುವ ಬದಲು ಬ್ಯಾಂಕಿನ ಆ್ಯಪ್ ತೆರೆಯಿರಿ, ಇಲ್ಲವೇ ಪಾಸ್‌ಬುಕ್‌ನಲ್ಲಿರುವ ಹೆಸರನ್ನು ನೀವೇ ಟೈಪ್ ಮಾಡಿ.

• ಫಾರ್ವರ್ಡ್ ನೋಡಿ ಡಿಎನ್‌ಎಸ್ ಸೆಟ್ಟಿಂಗ್ ಬದಲಿಸಬೇಡಿ. ಮನೆಯ ವೈಫೈ ರೌಟರ್‌ನ ಮೂಲ ಪಾಸ್‌ವರ್ಡ್ ಬದಲಿಸಿ.

• ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ 1930 ಸಹಾಯವಾಣಿಗೆ ಮತ್ತು ನಿಮ್ಮ ಬ್ಯಾಂಕಿಗೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಒಟ್ಟಾರೆ ಹೇಳುವುದಾದರೆ

ಲಿಂಕ್‌ನಲ್ಲಿ ಬ್ಯಾಂಕಿನ ಹೆಸರಿರುವುದು ಮತ್ತು ಪುಟ ತೆರೆದುಕೊಳ್ಳುವುದು, ಎರಡೂ ಅದು ಅಸಲಿ ಎಂಬುದಕ್ಕೆ ಸಾಕ್ಷಿಯಲ್ಲ. ಫೋನ್ ಹೆಸರನ್ನು ವಿಳಾಸವಾಗಿ ಬದಲಿಸುತ್ತದೆ, ಅಷ್ಟೇ. ಕೆಲವು ಡಿಎನ್‌ಎಸ್ ಸೇವೆಗಳು ಮತ್ತು ಬ್ರೌಸರ್‌ಗಳು ಗೊತ್ತಿರುವ ಮೋಸದ ಹೆಸರುಗಳನ್ನು ತಡೆಯುತ್ತವೆ ನಿಜ. ಆದರೆ ನಿನ್ನೆ ರಾತ್ರಿ ಹುಟ್ಟಿದ ಹೆಸರು ಅವುಗಳ ಪಟ್ಟಿಯಲ್ಲಿ ಇರಲಾರದು. ಅದನ್ನು ಬಲದಿಂದ ಓದಿ ನೋಡುವ ಕೆಲಸ ನಮ್ಮದೇ. ಮುಂದಿನ ಸಲ ಗ್ರೂಪ್‌ನಲ್ಲಿ ಯಾರಾದರೂ "ಇದು ನಿಜವಾ?" ಎಂದು ಕೇಳಿದರೆ, ಫಾರ್ವರ್ಡ್ ಮಾಡುವ ಮೊದಲು ಆ ಹೆಸರಿನ ಬಲತುದಿಯನ್ನು ಓದಿ ಹೇಳಿ.