ಕೊಡುವಾಗ ‘ಟು’ ಎಲ್ಲಿ?

‘ಲತಾ ರವಿಗೆ ಪುಸ್ತಕ ಕೊಟ್ಟಳು’, ‘ಲತಾ ಪುಸ್ತಕವನ್ನು ರವಿಗೆ ಕೊಟ್ಟಳು’ – ಕನ್ನಡದಲ್ಲಿ ಎರಡೂ ಸರಿಯೇ. ‘ಗೆ’ ಪ್ರತ್ಯಯ ರವಿಗೆ ಅಂಟಿಕೊಂಡಿರುವುದರಿಂದ ಅವನನ್ನು ಎಲ್ಲಿ ಕೂರಿಸಿದರೂ ಅರ್ಥ ಕೆಡದು. ಇಂಗ್ಲಿಷಿಗೆ ಈ ಅನುಕೂಲವಿಲ್ಲ. ಅಲ್ಲಿ ವಿಭಕ್ತಿಯ ಕೆಲಸವನ್ನು ಪದದ ಸ್ಥಾನವೇ ಮಾಡಬೇಕು. ಪಡೆಯುವವನು ಮೊದಲು ಬಂದರೆ ‘ಟು’ ಬೇಡ: ‘ಲತಾ ಗೇವ್ ರವಿ ಎ ಬುಕ್’. ವಸ್ತು ಮೊದಲು ಬಂದರೆ ‘ಟು’ ಬೇಕು: ‘ಲತಾ ಗೇವ್ ಎ ಬುಕ್ ಟು ರವಿ’. ವಿದ್ಯಾರ್ಥಿಗಳು ‘ಗೆ’ಯನ್ನು ನೆನೆದು ‘ಗೇವ್ ಟು ರವಿ ಎ ಬುಕ್’ ಎಂದು ಬರೆಯುವುದುಂಟು. ‘ಟು’ ಬಿಟ್ಟು ಸ್ಥಾನ ಬದಲಿಸಿದರಂತೂ ಫಜೀತಿ. ಬೆಕ್ಕಿಗೆ ಮೀನು ಹಾಕಿದವಳನ್ನು ಕುರಿತು ‘ಶಿ ಗೇವ್ ದಿ ಫಿಶ್ ದಿ ಕ್ಯಾಟ್’ ಎಂದರೆ ಮೀನಿಗೇ ಬೆಕ್ಕನ್ನು ಕೊಟ್ಟಂತೆ!

‘ಲೆಂಡ್’, ‘ಸೆಂಡ್’, ‘ಶೋ’ ಇದೇ ದಾರಿಯವು. ‘ಎಕ್ಸ್‌ಪ್ಲೇನ್’ ಮಾತ್ರ ಹಟಮಾರಿ. ಅದಕ್ಕೆ ‘ಟು ಮಿ’ಯೇ ಆಗಬೇಕು, ಬರೀ ‘ಮಿ’ ಸಾಲದು.

ಕೆಲಸದ ಅರ್ಜಿ ಬರೆಯುವವರು ‘ಐ ವಾಸ್ ಗಿವನ್ ಎ ಪ್ರೈಜ್’ ಎಂಬಲ್ಲಿ ಎಚ್ಚರವಾಗಿರಬೇಕು. ಇಲ್ಲಿ ಕೊಟ್ಟದ್ದು ‘ಐ’ಯನ್ನಲ್ಲ, ‘ಐ’ಗೆ. ‘ಐ ಗೇವ್ ಎ ಪ್ರೈಜ್’ ಎಂದು ಬರೆದರೆ ಗೆದ್ದ ಬಹುಮಾನ ಬೇರೆಯವರ ಪಾಲು!